ಎರಡನೆಯ ಸಹಿ

ವಾರ್ಡಿನಲ್ಲಿ ಎಲ್ಲರೂ ಅವಳನ್ನು ದೊಡ್ಡಕ್ಕ ಎನ್ನುತ್ತಿದ್ದರು. ಇಪ್ಪತ್ತಾರು ವರ್ಷದ ನರ್ಸ್ ಕೆಲಸದಲ್ಲಿ ಯಾವ ಔಷಧಿ ಯಾರ ಕೈಯಲ್ಲಿ ತಪ್ಪಿತು ಎಂಬುದೆಲ್ಲ ಅವಳಿಗೆ ಬಾಯಿಪಾಠ. ಕಾಗದದ ಮೇಲೆ ಮಾತ್ರ ಒಂದೂ ಇರಲಿಲ್ಲ. ಬೆಟ್ಟದಂತೆ ಬಂದದ್ದು ಮಂಜಿನಂತೆ ಕರಗಿತಲ್ಲ ಎಂದು ಟೀ ಕುಡಿಯುತ್ತ ನಕ್ಕುಬಿಡುವುದು ಅಲ್ಲಿನ ರೂಢಿ. ಬರೆದವಳ ಕೆಲಸ ಹೋಗುತ್ತದೆ, ಬರೆಯದವಳಿಗೆ ಬಡ್ತಿ. ಯಾರು ತಾನೇ ಬರೆದಾರು?

ಇನ್ಸುಲಿನ್ನನ್ನು ಒಬ್ಬಳು ಸಿರಿಂಜಿಗೆ ಎಳೆದರೆ ಇನ್ನೊಬ್ಬಳು ಕಣ್ಣಾರೆ ನೋಡಿ ಸಹಿ ಹಾಕಬೇಕು. ನಲವತ್ತು ಹಾಸಿಗೆಗೆ ಇಬ್ಬರೇ ಇದ್ದರೆ ನೋಡುವುದೆಲ್ಲಿ ಬಂತು? ದೊಡ್ಡಕ್ಕ ಬೆಳಗ್ಗೆಯೇ ಇಡೀ ಪುಟಕ್ಕೆ ಸಹಿ ಗೀಚಿಡುತ್ತಿದ್ದಳು. ಎಳೆಯುವವಳು ಬೇರೆ ಯಾರೂ ಅಲ್ಲ, ಅವಳ ನಾದಿನಿ. ಕೈಹಿಡಿದು ಕೆಲಸ ಕಲಿಸಿದ್ದೂ ತಾನೇ.

ಅಂದು ಇನ್ಸುಲಿನ್ನಿನ ಸಣ್ಣ ಸಿರಿಂಜು ಮುಗಿದಿತ್ತು. ನಾದಿನಿ ಮಾಮೂಲಿ ಸಿರಿಂಜಿನಲ್ಲೇ ಅಂದಾಜಿನ ಮೇಲೆ ಎಳೆದು, ಕಾಲಿನ ಗಾಯಕ್ಕೆಂದು ಸೇರಿದ್ದ ಸಕ್ಕರೆ ಕಾಯಿಲೆಯ ಬಡಗಿಗೆ ಚುಚ್ಚಿದಳು. ಹತ್ತು ಪಾಲು ಹೆಚ್ಚಾಗಿ ರಕ್ತದ ಸಕ್ಕರೆ ಕುಸಿಯಿತು. ಎರಡು ಗಂಟೆಯಲ್ಲಿ ಬಡಗಿ ಬೆವರಿ ತೊಪ್ಪೆಯಾಗಿ, ಕರೆದರೆ ಓಗೊಡದಾದ.

"ಶುಗರ್ ನೋಡಿದ್ರಾ?" ಡಾಕ್ಟರು ಕೇಳಿದರು.

"ನೋಡಿದೆ ಸರ್, ಸರಿಯಾಗಿದೆ," ಎಂದಳು ನಾದಿನಿ. ನೋಡಿರಲಿಲ್ಲ. ಹಾಗಾದರೆ ಪಾರ್ಶ್ವವಾಯು ಇರಬೇಕೆಂದು ಡಾಕ್ಟರು ತಲೆಯ ಸ್ಕ್ಯಾನ್‌ಗೆ ಬರೆದರು.

ದೊಡ್ಡಕ್ಕನ ಕಣ್ಣು ತಟ್ಟೆಯಲ್ಲಿದ್ದ ದೊಡ್ಡ ಸಿರಿಂಜಿನ ಮೇಲೆ ಬಿತ್ತು. ನಡೆದದ್ದು ಅರ್ಥವಾಯಿತು. ನಾದಿನಿ ಅವಳ ಮೊಣಕೈ ಹಿಡಿದು ಪಿಸುಗುಟ್ಟಿದಳು: "ಅತ್ತಿಗೆ, ದಮ್ಮಯ್ಯ, ಸುಮ್ನಿರಿ. ಸ್ಕ್ಯಾನ್‌ನಿಂದ ಬಂದ್ಮೇಲೆ ಗ್ಲೂಕೋಸ್ ಹಾಕಿಬಿಡೋಣ. ಯಾರಿಗೂ ಗೊತ್ತಾಗಲ್ಲ."

ಬಡಗಿಯನ್ನು ಸ್ಕ್ಯಾನಿಗೆ ತಳ್ಳಿಕೊಂಡು ಹೋದರು. ಅಲ್ಲಿ ಸಾಲಿತ್ತು. ದೊಡ್ಡಕ್ಕ ಬಾಯಿ ಬಿಡಲಿಲ್ಲ. ಮನೆಯವಳು ಎಂಬ ಮಮತೆಯೋ, ಪುಟದ ತುಂಬ ಇದ್ದ ತನ್ನದೇ ಸಹಿಯ ಭಯವೋ, ಅವಳಿಗೇ ತಿಳಿಯದು. ವಾಪಸ್ ತಂದ ಕೂಡಲೇ ದೊಡ್ಡಕ್ಕ, ನಾದಿನಿ ಓಡಾಡಿ ಗ್ಲೂಕೋಸ್ ಏರಿಸಿದರು. ಬಡಗಿ ಕಣ್ಣು ತೆರೆದ, ಆದರೆ ಹೆಂಡತಿಯ ಗುರುತು ಹತ್ತಲಿಲ್ಲ. ಚಮಚ ಕೊಟ್ಟರೆ ಅದನ್ನೇನು ಮಾಡಬೇಕೆಂದು ತಿಳಿಯದೆ ತಿರುಗಿಸಿ ನೋಡುತ್ತಿದ್ದ. ಅಷ್ಟು ಹೊತ್ತು ಸಕ್ಕರೆ ಸಿಗದೆ ಮಿದುಳಿಗೆ ಪೆಟ್ಟು ಬಿದ್ದಿತ್ತು. ಹತ್ತು ದಿನವಾದರೂ ಹಾಗೆಯೇ.

ಮನೆಗೆ ಕಳಿಸುವ ದಿನ ಅವನ ಹೆಂಡತಿ ದೊಡ್ಡಕ್ಕನ ಕೈ ಹಿಡಿದುಕೊಂಡಳು. "ನಮ್ಮ ಹಣೆಬರಹ ಅಕ್ಕಾ. ಅವತ್ತು ನೀವು ಪಟ್ಟ ಪಾಡು ನಾನು ಮರೆಯಲ್ಲ."

ಬೈದಿದ್ದರೆ ದೊಡ್ಡಕ್ಕ ತಡೆದುಕೊಳ್ಳುತ್ತಿದ್ದಳೇನೋ.

"ಹಣೆಬರಹ ಅಲ್ಲಮ್ಮ. ನಾವು ಔಷಧಿ ಜಾಸ್ತಿ ಕೊಟ್ವಿ. ನಂಗೆ ಗೊತ್ತಾಯ್ತು. ಗೊತ್ತಾದ್ಮೇಲೂ ಮುಕ್ಕಾಲು ಗಂಟೆ ಸುಮ್ನಿದ್ದೆ."

ಪಕ್ಕದಲ್ಲೇ ಔಷಧಿಯ ಗಾಡಿ ತಳ್ಳಿಕೊಂಡು ಹೋಗುತ್ತಿದ್ದ ನಾದಿನಿ ಅಲ್ಲೇ ನಿಂತಳು. ಹೆಂಡತಿ ಹಿಡಿದಿದ್ದ ಕೈ ಬಿಡಲಿಲ್ಲ, ಅರ್ಥವಾಗದವಳಂತೆ ಮುಖವನ್ನೇ ನೋಡಿದಳು.

"ಆಗಲೇ ಹೇಳಿದ್ರೆ," ಎಂದಳು, "ಇವರಿಗೆ ನಾನ್ಯಾರು ಅಂತ ಗೊತ್ತಾಗ್ತಿತ್ತಾ?"