ಶಾಂತಾಬಾಯಿಯ ಮೂಗುತಿ

ಗೆಳೆಯರೇ, ಇಂದು ಬೆಳಿಗ್ಗೆ ಆಳಂದ ತಾಲ್ಲೂಕಿನ ಲಂಬಾಣಿ ತಾಂಡಾವೊಂದರ ಆಸ್ಪತ್ರೆಯಲ್ಲಿ ಕೊರೋನಾ ಪರೀಕ್ಷೆಗೆ ನಿಂತಿದ್ದೆ. ನಾಲ್ಕು ದಿನದಿಂದ ನನಗೆ ಕೆಮ್ಮು. ಸಾಲಿನಲ್ಲಿ ನನ್ನ ಮುಂದೆ ಶಾಂತಾಬಾಯಿ ಎಂಬ ತಾಂಡಾದ ಅಜ್ಜಿ. ಊರ ದೊಡ್ಡ ಆಸ್ಪತ್ರೆಯಲ್ಲಿ ಮಗಳು ಹೆತ್ತಿದ್ದಾಳೆ. ಪರೀಕ್ಷೆಯ ವರದಿ ತೋರಿಸದೆ ಕೂಸಿನ ಹತ್ತಿರ ಬಿಡುವುದಿಲ್ಲವಂತೆ.

ಮಾದರಿ ತೆಗೆಯುವವನು ಅವಳ ದೊಡ್ಡ ಮೂಗುತಿ ನೋಡಿದ್ದೇ ತಡ, "ಅದನ್ನ ಬಿಚ್ಚಿ ಬಾ ಬೇ, ಕಡ್ಡಿ ಹೋಗಂಗಿಲ್ಲ" ಎಂದ.

"ಗಂಡ ಇರೋತನಕ ಬಿಚ್ಚಂಗಿಲ್ರಿ ಸಾಹೇಬ. ಬ್ಯಾರೆ ಹಾದಿ ಇಲ್ಲೇನ್ರಿ?"

"ಇಲ್ಲ. ಬಿಚ್ಚಲಿಲ್ಲಂದ್ರ ಮನೀಗೆ ನಡಿ. ನಿಮ್ಮ ತಾಂಡಾದವ್ರಿಗೆ ಎಷ್ಟ್ ಹೇಳಿದ್ರೂ ಅಷ್ಟ."

ಅಜ್ಜಿ ಬದಿಗೆ ಸರಿದು, ಮೂಗುತಿಯ ಮೇಲೆ ಕೈಯಿಟ್ಟು ಅಳತೊಡಗಿದಳು. ನನ್ನ ಸರದಿ ಬಂತು. ಅದೇ ಮನುಷ್ಯ ಎದ್ದು ಕುರ್ಚಿ ಎಳೆದುಕೊಟ್ಟ.

"ಮೇಡಮ್ಮರ, ಮೂಗಿನ್ಯಾಗ ಹಾಕಿದ್ರ ತ್ರಾಸ ಆಗ್ತದ್ರಿ. ಗಂಟಲದಿಂದ ತಗೋತೇನಿ, ಬಾಯಿ ತಗೀರಿ."

ಬಾಯಿ ತೆರೆದೆ, ಬೈಯುವುದಕ್ಕೆ.

"ಆಕಿಗೆ ಗಂಟಲಿಲ್ಲೇನ್ರಿ? ಮೊದಲ ಆಕಿದು ತಗೋರಿ!"

"ಅವ್ರಿಗೆ ಇದೆಲ್ಲ ತಿಳಿಯಂಗಿಲ್ರಿ ಮೇಡಂ" ಎಂದು ಪಿಸುಗುಟ್ಟಿದ.

ಶಾಂತಾಬಾಯಿಗೆ ಅದು ಕೇಳಿಸಿತ್ತು. ಕಣ್ಣೊರೆಸಿಕೊಂಡು ನಾನು ಬಿಟ್ಟ ಕುರ್ಚಿಯಲ್ಲಿ ಕೂತಳು. "ಬಾಯಿ ತಗಿಯೋದು ನಮಗೂ ಬರ್ತದ್ರಿ ಸಾಹೇಬ" ಎಂದು ಅಗಲವಾಗಿ ಬಾಯಿ ತೆರೆದಳು.

ಅರ್ಧ ನಿಮಿಷವೂ ಹಿಡಿಯಲಿಲ್ಲ. ಅಷ್ಟರ ಕೆಲಸಕ್ಕೆ ಗಂಡ ಬದುಕಿರುವವಳ ಮೂಗು ಬರಿದು ಮಾಡಲು ಹೊರಟಿದ್ದ ಪುಣ್ಯಾತ್ಮ! ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಗಂಟಲು ಕೂಡ ಮೇಡಂಗಳಿಗೆ ಮಾತ್ರ ಇರುತ್ತದೆ ಎಂದು ನನಗೆ ಇವತ್ತೇ ಗೊತ್ತಾದದ್ದು.