ಎತ್ತಿದರೆ ಅಕ್ಕನದು, ಬಿಟ್ಟರೆ ಮೇಡಂದು

ನಮ್ಮ ಮ್ಯೂಸಿಯಮ್ಮಿನಲ್ಲಿ ಲೇಬಲ್ ಬರೆಯುತ್ತಿದ್ದವನು ಮಂಗಳವಾರ ಬೆಳಿಗ್ಗೆ ತೀರಿಕೊಂಡ. ಹೃದಯ ನಿಂತಿತು ಎಂದು ಡಾಕ್ಟರು ಬರೆದುಕೊಟ್ಟರು. ಅವನ ಅಕ್ಕ ಟೀ ಹಿಡಿದುಕೊಂಡು ಎಬ್ಬಿಸಲು ಹೋದಾಗ ಮೈ ಆಗಲೇ ತಣ್ಣಗಾಗಿತ್ತು.

ನಾನು ಅದೇ ಮ್ಯೂಸಿಯಮ್ಮಿನ ಲೈಬ್ರರಿಯಲ್ಲಿ ಕೂತು ಕೂದಲು ಬೆಳ್ಳಗೆ ಮಾಡಿಕೊಂಡವನು. ಮಧ್ಯಾಹ್ನದ ಊಟದ ಡಬ್ಬಿಯನ್ನು ಅವನ ಎದುರು ಬಿಟ್ಟು ಬೇರೆ ಯಾರ ಎದುರೂ ಬಿಚ್ಚಿದವನಲ್ಲ. ಮಂಗಳವಾರದಿಂದ ಡಬ್ಬಿ ಒಯ್ದಿಲ್ಲ.

ಲೇಬಲ್ ಬರೆಯುವ ಕೆಲಸ ಅವನಿಗೆ ಅಪ್ಪನಿಂದ ಬಂದದ್ದು. ಅಪ್ಪ ಕಪ್ಪು ಬಳಿದ ಮರದ ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ ಬರೆಯುತ್ತಿದ್ದರು. ಇದು ಮಡಕೆ, ಇಂಥ ಕಡೆ ಸಿಕ್ಕಿತು, ಕ್ರಿಸ್ತ ಶಕ ಇಷ್ಟು. ಮಗ ಅಪ್ಪನ ಕುರ್ಚಿಯಲ್ಲೇ ಕೂತು ಅಪ್ಪನ ಕುಂಚವನ್ನೇ ಹಿಡಿದ. ಮನೆಗೆ ಹೋದ ಮೇಲೂ ಅದನ್ನು ಕೆಳಗಿಡುತ್ತಿರಲಿಲ್ಲ. ಅಡುಗೆಮನೆಯಲ್ಲಿ 'ಸಕ್ಕರೆ' ಎಂಬ ಡಬ್ಬಿಯ ಪಕ್ಕ 'ಉಪ್ಪು', ಅದರ ಪಕ್ಕ 'ಇದೂ ಉಪ್ಪೇ, ಮೋಸಹೋಗಬೇಡಿ'. ಅಕ್ಕನ ಕನ್ನಡಕದ ಪೆಟ್ಟಿಗೆಯ ಮೇಲೆ 'ಕನ್ನಡಕ. ಸಾಮಾನ್ಯವಾಗಿ ದೊರೆಯುವ ಸ್ಥಳ: ಅಕ್ಕನ ತಲೆ' ಎಂದು ಬರೆದಿಟ್ಟಿದ್ದ.

ಅಕ್ಕ ಅವನಿಗಿಂತ ಹತ್ತು ವರ್ಷ ದೊಡ್ಡವರು, ತಾಯಿಯಿಲ್ಲದ ಮನೆಯಲ್ಲಿ ಅವನನ್ನು ಎತ್ತಿ ಸಾಕಿದವರು. ಇಬ್ಬರೂ ಮದುವೆಯಾಗಲಿಲ್ಲ. ಯಾಕೆಂದು ಕೇಳಿದರೆ, "ಒಬ್ಬರನ್ನೊಬ್ಬರು ಬೈಯೋದ್ರಿಂದಲೇ ಪುರುಸೊತ್ತು ಸಿಗಲಿಲ್ಲ ಕಣೋ" ಎನ್ನುತ್ತಿದ್ದ. ಅಕ್ಕ ಒಂದು ಭಾನುವಾರವೂ ಚರ್ಚು ತಪ್ಪಿಸಿದವರಲ್ಲ. ಇವನು ಹೋಗುತ್ತಿದ್ದುದು ಅಲ್ಲಿನ ಬೋರ್ಡಿನಲ್ಲಿ ಅಕ್ಷರ ಸೊಟ್ಟಗಿದೆಯೇ ಎಂದು ನೋಡಲು.

ಹೀಗಿರುವಾಗ ಮ್ಯೂಸಿಯಮ್ಮಿಗೆ ಹೊಸ ಮೇಡಂ ಬಂದರು. ಚುರುಕು ಹೆಂಗಸು, ಮಾತು ಕಡಿಮೆ. ಬಂದ ತಿಂಗಳಲ್ಲೇ ಲೇಬಲ್ಲುಗಳಲ್ಲಿ ಕ್ರಿಸ್ತ ಶಕ ಹೋಗಿ ಸಾಮಾನ್ಯ ಶಕ ಬರಬೇಕು ಎಂದು ಆರ್ಡರ್ ಮಾಡಿದರು. ಇಲ್ಲಿಗೆ ಎಲ್ಲ ಧರ್ಮದವರೂ ಬರುತ್ತಾರೆ, ಏನೂ ನಂಬದವರೂ ಬರುತ್ತಾರೆ, ಗೋಡೆ ಎಲ್ಲರದೂ ಆಗಿರಬೇಕು ಎಂಬುದು ಅವರ ವಾದ.

ಇವನು ಕುಂಚ ಕಿವಿಗೆ ಸಿಕ್ಕಿಸಿಕೊಂಡು ಹೋಗಿ ಅವರ ಮೇಜಿನ ಮುಂದೆ ನಿಂತ.

"ವರ್ಷ ಅದೇ ಇರುತ್ತಲ್ವಾ ಮೇಡಂ?"

"ಅದೇ."

"ಎಣಿಕೆ ಶುರು ಎಲ್ಲಿಂದ?"

"ಅಲ್ಲಿಂದಲೇ."

"ಹಾಗಾದ್ರೆ..."

"ಹಾಗಾದ್ರೆ ಏನೂ ಇಲ್ಲ. ಹೋಗಿ ಬರೀರಿ."

ಊಟದ ಹೊತ್ತಿಗೆ ನನ್ನ ಹತ್ತಿರ ಬಂದು ಅವನು ದನಿ ತಗ್ಗಿಸಿ ಹೇಳಿದ: "ಮೇಡಂ ಹೇಳೋದೇ ಸರಿ ಅನ್ಸುತ್ತೆ ಕಣೋ. ಚರ್ಚಿಗೆ ಹೋಗದವನೂ ದುಡ್ಡು ಕೊಟ್ಟೇ ಟಿಕೆಟ್ ತಗೋತಾನಲ್ಲ. ಆದ್ರೆ ಅಕ್ಕನ ಕಿವಿಗೆ ಮಾತ್ರ ಹಾಕಬೇಡ."

ನಾನು ಹಾಕಬೇಕಾಗಿರಲಿಲ್ಲ. ನಮ್ಮಲ್ಲಿ ಕಸ ಗುಡಿಸುವವಳು ಅಕ್ಕ ಹೋಗುವ ಚರ್ಚಿಗೇ ಹೋಗುತ್ತಾಳೆ. ಸಂಜೆ ನಾವಿಬ್ಬರೂ ಮನೆಯ ಮೆಟ್ಟಿಲು ಹತ್ತುವಾಗ ಅಕ್ಕ ಬಾಗಿಲಲ್ಲೇ ಇದ್ದರು.

"ಅಪ್ಪ ಬರೆದದ್ದನ್ನ ಕೆರೀತೀಯಂತೆ?"

"ಹೆಸರು ಮಾತ್ರ ಬದಲು ಅಕ್ಕ. ವರ್ಷ ಹಾಗೇ ಇರುತ್ತೆ."

"ಎಣಿಸೋಕೆ ಕ್ರಿಸ್ತ ಹುಟ್ಟಿದ ವರ್ಷ ಬೇಕು, ಬಾಯಲ್ಲಿ ಅವನ ಹೆಸರು ಬೇಡ. ಬಾಡಿಗೆಗೆ ಬಂದವರು ಮನೆ ಯಜಮಾನನ ಬೋರ್ಡು ಕಿತ್ತು ಹಾಕಿದ ಹಾಗಾಯ್ತು."

"ನೌಕರಿ ಅಕ್ಕ. ಏನು ಮಾಡ್ಲಿ?"

"ಮಾಡು. ಅಪ್ಪನ ಒಂದೇ ಒಂದು ಅಕ್ಷರ ಕೆರೆದ ದಿನದಿಂದ ನನಗೆ ತಮ್ಮ ಅಂತ ಯಾರೂ ಇಲ್ಲ."

ಆ ದಿನ ಬರಲೆಂದು ಅಕ್ಕ ಕಾಯಲಿಲ್ಲ. ಅಭ್ಯಾಸಕ್ಕಿರಲಿ ಎಂದು ಅಂದಿನಿಂದಲೇ ಮಾತು ಬಿಟ್ಟರು.

ಮನೆಯಲ್ಲಿ ಇಬ್ಬರೇ ಇದ್ದಾಗ ಅವರು ಟೀ ಪಾತ್ರೆಯ ಜೊತೆ ಮಾತಾಡುತ್ತಿದ್ದರಂತೆ. "ಕೆಲವರಿಗೆ ಬಾಯಿ ಇದೆ, ಟೀ ಬೇಕಿದ್ದರೆ ಕೇಳ್ತಾರೆ ಬಿಡಪ್ಪ" ಎಂದು ಪಾತ್ರೆಗೆ ಹೇಳಿ ಒಲೆ ಆರಿಸುತ್ತಿದ್ದರು. ನಾನು ಹೋದ ದಿನ ಪಾತ್ರೆಗೆ ರಜೆ, ಆ ಕೆಲಸ ನನ್ನದು. ಮೂವರೂ ಒಂದೇ ಮೇಜಿಗೆ ಕೂತಿದ್ದರೂ ಅಕ್ಕ ನನ್ನ ಕಡೆ ತಿರುಗಿ, "ನಿನ್ನ ಸ್ನೇಹಿತನಿಗೆ ಉಪ್ಪು ಬೇಕಾ ಕೇಳಪ್ಪ" ಎನ್ನುತ್ತಿದ್ದರು. ಅವನು "ಬೇಡ ಅನ್ನು" ಎನ್ನುತ್ತಿದ್ದ. ನಾನು "ಬೇಡವಂತೆ" ಎನ್ನುತ್ತಿದ್ದೆ. "ಬೇಡವಾದ್ರೆ ಸಪ್ಪೆ ತಿನ್ನಲಿ ಅನ್ನು" ಎಂದು ಅವರೇ ಉಪ್ಪಿನ ಡಬ್ಬಿಯನ್ನು ಅವನ ತಟ್ಟೆಯ ಪಕ್ಕಕ್ಕೆ ತಳ್ಳುತ್ತಿದ್ದರು.

ನನಗೆ ನಗು ಬರುತ್ತಿತ್ತು. ಅವನಿಗೆ ಬರುತ್ತಿರಲಿಲ್ಲ. ಹುಟ್ಟಿದಾಗಿನಿಂದ ಆ ದನಿ ಕೇಳಿಸಿಕೊಂಡೇ ಬೆಳೆದವನು. "ಬೈಗುಳ ಇಲ್ಲದೆ ಅನ್ನ ಗಂಟಲಲ್ಲಿ ಇಳೀತಿಲ್ಲ ಕಣೋ" ಎಂದ ಒಂದು ದಿನ. ಅಂಗಿಯ ಕಾಲರ್ ಕುತ್ತಿಗೆಗೆ ಸಡಿಲವಾಗಿತ್ತು.

ಕೆರೆದರೆ ಅಕ್ಕ ಇಲ್ಲ, ಕೆರೆಯದಿದ್ದರೆ ಕೆಲಸ ಇಲ್ಲ. ಅವನು ಕೆರೆಯಲೂ ಇಲ್ಲ, ಬಿಡಲೂ ಇಲ್ಲ. ಹಳೆಯ ಬಿಸ್ಕತ್ತಿನ ಡಬ್ಬಗಳನ್ನು ತಂದು, ತಗಡನ್ನು ಹೆಬ್ಬೆರಳಗಲದ ತುಂಡುಗಳಾಗಿ ಕತ್ತರಿಸಿದ. ಒಂದು ಮೈಗೆ ಕಪ್ಪು ಬಳಿದು 'ಸಾ.ಶ.' ಎಂದು ಬರೆದ. ಅಪ್ಪ 'ಕ್ರಿ.ಶ.' ಎಂದು ಬರೆದಿದ್ದ ಕಡೆಯಲ್ಲೆಲ್ಲ, ಸರಿಯಾಗಿ ಅದರ ಮೇಲೆ, ಸಣ್ಣ ಕೀಲು ಹಾಕಿ ಆ ತಗಡನ್ನು ಕೂರಿಸಿದ. ತಗಡು ಕೆಳಗಿದ್ದರೆ ಸಾಮಾನ್ಯ ಶಕ. ಬೆರಳಿನಿಂದ ಎತ್ತಿದರೆ ಅದರಡಿಯಲ್ಲಿ ಅಪ್ಪನ ಅಕ್ಷರ, ಕೂದಲೆಳೆಯಷ್ಟೂ ಗೀರಿಲ್ಲದೆ. ತಗಡಿನ ಒಳಮೈಯ ಬಿಸ್ಕತ್ತಿನ ಚಿತ್ರಕ್ಕೆ ಬಣ್ಣ ಬಳಿಯಲು ಅವನಿಗೆ ತೋಚಲಿಲ್ಲ. ಹಾಗಾಗಿ ಎತ್ತಿದಾಗಲೆಲ್ಲ ನಗುವ ಮಗುವಿನ ಒಂದು ಕೆನ್ನೆಯೋ ಹಸುವಿನ ಒಂದು ಕಿವಿಯೋ ಕಾಣುತ್ತಿತ್ತು.

ಮೇಡಂ ದೂರದಿಂದಲೇ ನೋಡಿ "ಚೆನ್ನಾಗಿದೆ" ಎಂದರು.

ಅಕ್ಕನನ್ನು ಕರೆತರುವ ಕೆಲಸ ನನ್ನ ತಲೆಗೆ ಬಿತ್ತು.

"ಕೊಲೆಯಾದ ಜಾಗ ನೋಡೋಕೆ ಕರೀತಿದ್ದೀಯಾ?" ಎಂದರು.

"ಹೆಣ ಇದ್ದರೆ ನನ್ನನ್ನ ಕೇಳಿ. ಬನ್ನಿ ಅಕ್ಕ."

ರಜೆಯ ದಿನ. ನಾನೂ ಅವನೂ ಬೆಳಿಗ್ಗೆಯೇ ಹೋಗಿ, ಹಳೆಯ ಟಿಕೆಟ್ಟುಗಳನ್ನು ಮಡಿಚಿ ಕೀಲಿಗೆ ಸಿಕ್ಕಿಸಿ, ಎಲ್ಲ ತಗಡುಗಳನ್ನೂ ಎತ್ತಿ ನಿಲ್ಲಿಸಿದ್ದೆವು. ಅಕ್ಕ ಕೋಣೆಯಿಂದ ಕೋಣೆಗೆ ನಡೆದರು. ಪ್ರತಿ ಗಾಜಿನ ಪೆಟ್ಟಿಗೆಯ ಮುಂದೂ ಬಗ್ಗಿ ಓದಿದರು, ಕನ್ನಡಕ ತಲೆಯ ಮೇಲೇ ಇತ್ತು. ನಾಣ್ಯಗಳ ಕೋಣೆಯಲ್ಲಿ ಬಹಳ ಹೊತ್ತು ನಿಂತರು. ಇವನು ಹಿಂದೆ ಕೈಕಟ್ಟಿ ನಿಂತಿದ್ದ. ಅಕ್ಕ ಒಂದು ತಗಡನ್ನು ಮುಟ್ಟಿ, ಬೆರಳನ್ನು ಮೂಗಿನ ಹತ್ತಿರ ತಂದು, ಅವನತ್ತ ತಿರುಗಿದರು. ನನ್ನತ್ತ ಅಲ್ಲ.

"ಜಿಡ್ಡು ಹಾಗೇ ಇದೆ. ಡಬ್ಬ ತೊಳೆದು ಕತ್ತರಿಸೋಕೆ ಏನಾಗಿತ್ತು ನಿನಗೆ, ದಂಡಪಿಂಡ?"

ಅವನು ಪಾರಿತೋಷಕ ಬಂದವನ ಹಾಗೆ ನಿಂತ. ಅಕ್ಕ ಬೈಯುತ್ತ ಬೈಯುತ್ತ ಮನೆಗೆ ನಡೆದರು, ಇವನು ಕೇಳುತ್ತ ಕೇಳುತ್ತ ಹಿಂದೆ ಹೋದ. ಆ ಖುಷಿಯಲ್ಲಿ ತಗಡು ಇಳಿಸುವುದನ್ನು ಅವನೂ ಮರೆತ, ನಾನೂ ಮರೆತೆ.

ಮಾರನೆಯ ದಿನ ಬಾಗಿಲು ತೆರೆಯುವಾಗಲೇ ಒಂದು ಶಾಲೆಯ ಮಕ್ಕಳು ಬಂದರು. ತಗಡು ಆಡುತ್ತದೆ ಎಂದು ಒಬ್ಬಳು ಕಂಡುಹಿಡಿದಳು. ಆಮೇಲೆ ಕೇಳಬೇಕೆ, ಇಡೀ ಮ್ಯೂಸಿಯಮ್ಮಿನಲ್ಲಿ ಟಕ್ ಟಕ್ ಸದ್ದು. ಮೇಡಂ ಆ ಸದ್ದಿಗೆ ಕೆಳಗಿಳಿದು ಬಂದಾಗ ಆ ಹುಡುಗಿ ಇವನನ್ನು ವಿಚಾರಣೆ ಮಾಡುತ್ತಿದ್ದಳು.

"ಮುಚ್ಚಿದಾಗ ಮಡಕೆಗೆ ಎಷ್ಟು ವರ್ಷ?"

"ಅಲ್ಲಿ ಬರೆದಿದೆಯಲ್ಲಮ್ಮ."

"ತೆರೆದಾಗ?"

"ಅಷ್ಟೇ."

"ಹಾಗಾದ್ರೆ ಯಾಕೆ ತೆರೀಬೇಕು?"

"ನಮ್ಮಕ್ಕನಿಗೆ ಬೇಕು" ಎಂದ.

ಮೇಡಂ ಕಪಾಟಿನ ಮುಂದೆ ನಿಂತು ಒಂದು ತಗಡನ್ನು ಎತ್ತಿದರು, ಹಸುವಿನ ಕಿವಿ ನೋಡಿದರು, ಅದರಡಿಯ ಅಕ್ಷರ ನೋಡಿದರು.

"ಯಾರ ಕೈಬರಹ?"

"ಅಪ್ಪನದು ಮೇಡಂ. ಎತ್ತಿದರೆ ಅಕ್ಕನದು, ಬಿಟ್ಟರೆ ನಿಮ್ಮದು."

ಬೈಗುಳ ಬರುತ್ತದೆಂದು ನಾನು ಗೋಡೆಗೆ ಒರಗಿಕೊಂಡೆ. ಮೇಡಂ ಮಕ್ಕಳ ಕಡೆ ಕಣ್ಣಾಡಿಸಿದರು. "ನಾನು ಬಂದಾಗಿನಿಂದ ಇಲ್ಲಿ ಯಾರಾದ್ರೂ ಲೇಬಲ್ ಓದಿದ್ದು ನೋಡ್ತಿರೋದು ಇವತ್ತೇ" ಎಂದರು. ಆಮೇಲೆ, "ಸಂಜೆ ಹೋಗುವಾಗ ಎಲ್ಲ ಕೆಳಗಿರಬೇಕು" ಎಂದು ಮೇಲೆ ಹತ್ತಿಹೋದರು.

ಅಲ್ಲಿಂದ ಅವನ ಉಳಿದ ನೌಕರಿಯೆಲ್ಲ ಕೀಲಿಗೆ ಎಣ್ಣೆ ಬಿಡುವುದರಲ್ಲೇ ಹೋಯಿತು. ಅಕ್ಕ ಚರ್ಚು ಮುಗಿಸಿ ಬಂದು ಎತ್ತುತ್ತಿದ್ದರು, ಮೇಡಂ ಸೋಮವಾರ ಬಂದು ಇಳಿಸುತ್ತಿದ್ದರು. ಒಬ್ಬರಿಗೊಬ್ಬರು ಎದುರಾದಾಗ ಬಹಳ ಮರ್ಯಾದೆಯಿಂದ ಆರೋಗ್ಯ ವಿಚಾರಿಸಿಕೊಳ್ಳುತ್ತಿದ್ದರು.

ಈ ಸೋಮವಾರ ಸಂಜೆ, ಕೀಲು ಸವೆದಿದ್ದ ಒಂದು ಲೇಬಲ್ಲನ್ನು ಅವನು ಮನೆಗೆ ತಂದಿದ್ದ. ನಾನು ಜೊತೆಗಿದ್ದೆ. ಊಟದ ಮೇಜಿನ ಮೇಲೆ ಅದನ್ನಿಟ್ಟು ಹೊಸ ಕೀಲು ಹಾಕಿದ. ಅಕ್ಕ ಪಕ್ಕದಲ್ಲಿ ಕೂತು, ಮೊಳೆ ಸೊಟ್ಟ, ಕೈ ಸೊಟ್ಟ, ಬುದ್ಧಿ ಮೊದಲಿನಿಂದಲೂ ಸೊಟ್ಟ ಎನ್ನುತ್ತಿದ್ದರು. ಅವರು ಟೀ ತರಲು ಒಳಗೆ ಹೋದಾಗ ಅವನು ಅಡುಗೆಮನೆಯ ಕಡೆ ನೋಡಿ, ನನ್ನ ಕಡೆ ನೋಡಿ, ಸದ್ದಾಗದ ಹಾಗೆ ತಗಡನ್ನು ಕೆಳಗೆ ಬಿಟ್ಟ. ಸ್ವಲ್ಪ ಹಿಂದಕ್ಕೆ ಒರಗಿ, ತಲೆ ವಾರೆ ಮಾಡಿ ನೋಡಿ, ಸರಿಯಾಗಿದೆ ಎಂಬಂತೆ ತಲೆದೂಗಿದ. ಒಳಗೆ ಲೋಟದ ಸದ್ದಾಯಿತು. ತಕ್ಷಣ ಎತ್ತಿದ. ಹೊಸ ಕೀಲು ಸಡಿಲವಾಗಿತ್ತು, ತಗಡು ನಿಲ್ಲದೆ ಜಾರುತ್ತಿತ್ತು. ಅಕ್ಕ ಬಂದು ಎದುರು ಕೂತರು. ಅವನು ಎಡಗೈಯಲ್ಲಿ ಟೀ ತೆಗೆದುಕೊಂಡ. ಅಕ್ಕ ಮಾತಾಡುತ್ತ ಕೂತಿರುವಷ್ಟು ಹೊತ್ತೂ ಬಲಗೈಯ ಹೆಬ್ಬೆರಳಿನಿಂದ ಆ ತಗಡನ್ನು ಬೀಳದ ಹಾಗೆ ಒತ್ತಿ ಹಿಡಿದೇ ಇದ್ದ.