ಸಪ್ಪೆ ಊಟದ ಹರಕೆ

ಅದು ೧೯೩೮ರ ಶ್ರಾವಣ. ಬಿಳಿಚೋಡಿನಲ್ಲಿ ನಮಗೆ ಸ್ವಲ್ಪ ಹೊಲ, ಒಂದು ಹಿಂಡು ಕುರಿ ಇದ್ದವು. ನನ್ನ ಹೆಂಡತಿ ರುದ್ರಮ್ಮ ಸಾಸ್ವೆಹಳ್ಳಿಯವಳು, ಹೊಳೆನೀರು ಕುಡಿದು ಬೆಳೆದವಳು. ಮದುವೆಯಾಗಿ ಬಂದ ಹೊಸತರಲ್ಲೇ ನಮ್ಮ ಬಾವಿಯ ನೀರು ಬಾಯಿಗಿಟ್ಟು, "ಇದನ್ನ ಕುಡ್ದು ನೀವು ಇಷ್ಟು ಎತ್ತರ ಹೆಂಗೆ ಬೆಳೆದ್ರಿ?" ಎಂದು ನನ್ನನ್ನು ಆಡಿಕೊಂಡಿದ್ದಳು. ಆ ಬಾಯಿಗೆ ನಾನು ಅವತ್ತೇ ಸೋತುಹೋಗಿದ್ದೆ.

ಅಂಥವಳು ಆ ವರ್ಷ ಬಾಡತೊಡಗಿದಳು. ಎದ್ದು ನಿಂತರೆ ಕಣ್ಣು ಕತ್ತಲೆ, ಉಂಡದ್ದು ಹೊಟ್ಟೆಯಲ್ಲಿ ನಿಲ್ಲದು. ರವಿಕೆ ಜೋಲುವಷ್ಟು ಸೊರಗಿದಳು. ಮೈಬಣ್ಣವೂ ಕಪ್ಪಾಗುತ್ತಾ ಬಂತು. ಬಿಸಿಲಿಗೆ ಎಂದುಕೊಂಡರೆ ಅಂಗೈ ಗೆರೆ, ಒಸಡು ಕೂಡ ಕಪ್ಪು! ಜೊತೆಗೆ ವಿಪರೀತ ಉಪ್ಪಿನ ಆಸೆ. ಮಡಕೆಯಿಂದ ಹರಳುಪ್ಪು ತೆಗೆದು ಕಲ್ಲುಸಕ್ಕರೆಯಂತೆ ತಿನ್ನುತ್ತಿದ್ದಳು.

ಅವ್ವನಿಗೆ ಸೊಸೆಯೆಂದರೆ ಪ್ರಾಣ. "ಉಪ್ಪು ಹೆಚ್ಚಾಗಿ ರಕ್ತ ಸುಟ್ಟೈತೆ, ಅದಕ್ಕೇ ಹಿಂಗೆ ಕಪ್ಪಾಗ್ಯಾಳೆ" ಎಂದಳು. ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ಉಪ್ಪು ಬಿಡುವ ಹರಕೆ ಹೊರುವುದು ನಮ್ಮಲ್ಲಿತ್ತು. ರುದ್ರಮ್ಮ ಗುಣವಾಗುವವರೆಗೆ ಮನೆಮಂದಿಗೆಲ್ಲ ಸಪ್ಪೆ ಊಟ ಎಂದು ಅವ್ವ ದೇವರಿಗೆ ಕೈಮುಗಿದಳು. ಸಾರು ಬಾಯಿಗಿಡಲಾಗದೆ ನಾನು ಗೊಣಗಿದರೆ ರುದ್ರಮ್ಮನೇ ಗದರುತ್ತಿದ್ದಳು. "ನನ್ನ ಸಲುವಾಗಿ ಎಲ್ರೂ ಬಿಟ್ಟಾರೆ. ಸುಮ್ನೆ ಉಣ್ರಿ."

ಅವಳು ಪೂರ್ತಿ ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ನೋಡಿದರೆ ಹಾಸಿಗೆಯಲ್ಲಿಲ್ಲ. ಹುಡುಕಿಕೊಂಡು ಹೋದರೆ ಕುರಿದೊಡ್ಡಿಯಲ್ಲಿ ಕೂತಿದ್ದಾಳೆ. ಕುರಿಗಳು ನೆಕ್ಕಲೆಂದು ಇಟ್ಟಿದ್ದ ಉಪ್ಪನ್ನು ಬೊಗಸೆಯಲ್ಲಿ ಹಿಡಿದು ನೆಕ್ಕುತ್ತಾ ಅಳುತ್ತಿದ್ದಳು. "ತಡಿಯಾಕೆ ಆಗ್ಲಿಲ್ಲರೀ. ಅತ್ತೆಗೆ ಹೇಳಬ್ಯಾಡ್ರಿ" ಎಂದಳು. ಆಗಲೇ ಗಾಡಿ ಕಟ್ಟಿಸಿ ದಾವಣಗೆರೆಯ ಡಾಕ್ಟರ ಬಳಿ ಕರೆದೊಯ್ದೆ. ಅವ್ವನೂ ಬಂದಳು.

ಡಾಕ್ಟರು ಅವಳ ಅಂಗೈ, ಒಸಡು ನೋಡಿ, "ಉಪ್ಪು ತಿನ್ನಬೇಕು ಅನ್ಸುತ್ತೇನಮ್ಮ?" ಎಂದು ಕೇಳಿದರು. ಅವಳು ಕಳ್ಳಿಯ ಹಾಗೆ ತಲೆ ತಗ್ಗಿಸಿದಳು. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಎರಡು ಸಣ್ಣ ಗ್ರಂಥಿಗಳಿರುತ್ತವಂತೆ. ಅವು ಸೊರಗಿದರೆ ಮೈ ಉಪ್ಪನ್ನು ಹಿಡಿದಿಟ್ಟುಕೊಳ್ಳುವುದಿಲ್ಲವಂತೆ. "ಇವರಿಗೆ ಉಪ್ಪು ಬೇಕೇ ಬೇಕು, ನೀವು ಅದನ್ನೇ ನಿಲ್ಲಿಸಿದ್ದೀರಿ. ದಿನಾ ಉಪ್ಪುನೀರು ಕುಡಿಸಿ. ಜ್ವರ, ವಾಂತಿ ಬಂದರೆ ಒಂದು ಗಳಿಗೆ ತಡಮಾಡಬೇಡಿ. ಪೂರ್ತಿ ವಾಸಿಮಾಡೋ ಮದ್ದು ಇನ್ನೂ ನಮ್ಮ ಕೈಲಿಲ್ಲ" ಎಂದರು.

ಮನೆಗೆ ಬಂದವಳೇ ಅವ್ವ ಮಜ್ಜಿಗೆಗೆ ಧಾರಾಳವಾಗಿ ಉಪ್ಪು ಕಲಸಿ ಸೊಸೆಯ ಬಾಯಿಗೆ ಹಿಡಿದಳು. "ದೇವ್ರಿಗೆ ನಾನು ಹೇಳ್ಕಂತೀನಿ, ನೀನು ಕುಡಿ ನನ್ನವ್ವ" ಎಂದಳು. ಸ್ವಲ್ಪ ದಿನದಲ್ಲೇ ರುದ್ರಮ್ಮ ಎದ್ದು ಓಡಾಡಿದಳು, ನನ್ನನ್ನು ಮತ್ತೆ ಆಡಿಕೊಳ್ಳತೊಡಗಿದಳು. ಬಣ್ಣ ತಿಳಿಯಾಗಲಿಲ್ಲ, ಬಣ್ಣ ಕಟ್ಟಿಕೊಂಡು ನನಗೇನಾಗಬೇಕಿತ್ತು? ಹೀಗೇ ಕೆಲವು ವರ್ಷ ಕಳೆದವು. ನಾನು ನಿಜವಾಗಿ ಬದುಕಿದ್ದು ಆ ವರ್ಷಗಳಲ್ಲೇ.

ಯುದ್ಧದ ಕಾಲದಲ್ಲಿ ಊರಿಗೆಲ್ಲ ಚಳಿಜ್ವರ ಬಂತು. ಒಂದು ಬೆಳಿಗ್ಗೆ ಅವಳಿಗೂ ಮೈ ಕಾದು ವಾಂತಿ ಶುರುವಾಯಿತು. ಡಾಕ್ಟರ ಮಾತು ನೆನಪಿತ್ತು, ಕೂಡಲೇ ಹೊರಟೆವು. ನನ್ನ ಅಣ್ಣ ಗಾಡಿ ಹೊಡೆಯುತ್ತಿದ್ದ, ಅವಳ ತಲೆ ನನ್ನ ತೊಡೆಯ ಮೇಲಿತ್ತು. ಎತ್ತುಗಳು ಎಷ್ಟೆಂದು ಓಡಿಯಾವು? ದಾವಣಗೆರೆ ಇನ್ನೂ ದೂರವಿರುವಾಗಲೇ ಉಸಿರು ನಿಂತಿತು.

ನಾನು ಮತ್ತೆ ಮದುವೆಯಾಗಲಿಲ್ಲ. ಎಷ್ಟೋ ವರ್ಷಗಳ ಮೇಲೆ, ನ್ಯಾಮತಿಯ ನೆಂಟರ ಮನೆಯಲ್ಲಿ ಅದೇ ಕಾಯಿಲೆಯ ಅಜ್ಜಿಯೊಬ್ಬರನ್ನು ಕಂಡೆ. ಸಣ್ಣದೊಂದು ಮಾತ್ರೆ ನುಂಗಿ, "ದಿನಾ ಇದನ್ನ ನುಂಗಾದೇ ಆಗೈತೆ, ಬ್ಯಾಸರ ಕಣಪ್ಪ" ಎಂದು ಗೊಣಗಿದರು. ನಾನು ಅವರ ಮುಖವನ್ನೇ ನೋಡುತ್ತಾ ಕುಳಿತೆ. ಆ ನರೆ, ಆ ಸುಕ್ಕು, ಆ ಗೊಣಗಾಟವನ್ನು ರುದ್ರಮ್ಮನಿಗೆ ಹಚ್ಚಿ ನೋಡಿದೆ. ಎಷ್ಟು ಹೆಣಗಿದರೂ ಅವಳ ಮುಖಕ್ಕೆ ಒಂದು ಸುಕ್ಕೂ ಬರಲಿಲ್ಲ. ಅವಳನ್ನು ಮುದುಕಿಯಾಗಿ ನೋಡುವ ಆಸೆ ನನ್ನಲ್ಲಿ ಹಾಗೇ ಉಳಿದಿದೆ.